ಹನ್ನೆರಡು ದಿನ ಕಾಶಿಯಾತ್ರೆ: ಮನೆಯಲ್ಲಿರುವ ಮೀನುಗಳ ಗತಿಯೇನು?

ಒಂಟಿಕೊಪ್ಪಲಿನವಳು:
ಎಲ್ಲರಿಗೂ ನಮಸ್ಕಾರ. ಕಾರ್ತಿಕ ಮಾಸದಲ್ಲಿ ಅತ್ತೆ, ನಮ್ಮವರು, ನಾನು, ಮಗ ನಾಲ್ವರೂ ಕಾಶಿ, ಪ್ರಯಾಗ, ಗಯಾ ಯಾತ್ರೆಗೆ ಹೊರಟಿದ್ದೇವೆ. ಹೋಗಿ ಬರುವುದಕ್ಕೆ ಹನ್ನೆರಡು ದಿನ, ಮನೆಗೆ ಬೀಗ. ಹಾಲಿನವರಿಗೆ, ಪೇಪರಿನವರಿಗೆ ಹೇಳಿಯಾಯಿತು. ತುಳಸಿಗೆ ನೀರು ಹಾಕಲು ಎದುರುಮನೆಯವರು ಒಪ್ಪಿದ್ದಾರೆ. ಉಳಿದಿರುವುದು ಮೀನಿನ ಚಿಂತೆ.

ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಎರಡು ಗೋಲ್ಡ್‌ಫಿಶ್, ಏಳೆಂಟು ಪುಟ್ಟ ಗಪ್ಪಿ ಮೀನು, ಗಾಜಿಗೆ ಅಂಟಿಕೊಳ್ಳುವ ಒಂದು ಸಕ್ಕರ್ ಮೀನು ಇವೆ. ತೊಟ್ಟಿ ಇಟ್ಟು ಎರಡು ವರ್ಷವಾಯಿತು, ಫಿಲ್ಟರ್ ಚೆನ್ನಾಗಿದೆ. ಅಂಗಡಿಯವರು ಬಿಳಿ ಗಟ್ಟಿಯೊಂದನ್ನು ಕೊಟ್ಟು, ನೀರಿಗೆ ಹಾಕಿ ಹೋಗಿ, ಹದಿನೈದು ದಿನ ನಿಧಾನವಾಗಿ ಕರಗುತ್ತದೆ ಎಂದಿದ್ದಾರೆ. ನಮ್ಮವರಿಗೆ ತಾನಾಗಿಯೇ ಆಹಾರ ಉದುರಿಸುವ ಯಂತ್ರ ತರಿಸುವ ಆಸೆ. ಎದುರುಮನೆಯ ಏಳನೇ ತರಗತಿಯ ಹುಡುಗ ‘ಆಂಟಿ, ನಾನೇ ಹಾಕುತ್ತೇನೆ’ ಎಂದು ಕುಣಿಯುತ್ತಿದ್ದಾನೆ. ಏನೂ ಹಾಕದಿದ್ದರೂ ನಡೆಯುತ್ತದೆಯಂತೆ ಎಂದು ನಾನು ಬಾಯಿ ಬಿಟ್ಟಿದ್ದೇ ತಡ, ಅತ್ತೆ, ‘ಬಾಯಿಲ್ಲದ ಜೀವಗಳನ್ನು ಮನೆಯಲ್ಲಿ ಹಸಿದಿರಿಸಿ ಗಂಗೆಯಲ್ಲಿ ಮುಳುಗಿದರೆ ಯಾವ ಪುಣ್ಯ?’ ಎಂದುಬಿಟ್ಟರು. ಅವರು ಯಾತ್ರೆಯನ್ನೇ ಬಿಡುವ ಮಾತಾಡುತ್ತಿದ್ದಾರೆ. ತಿಳಿದವರು ದಾರಿ ಹೇಳಿ.

ಗಪ್ಪಿಗೂಡು:
ಏನೂ ಹಾಕಬೇಡಿ. ನೆಮ್ಮದಿಯಿಂದ ಹೋಗಿ ಬನ್ನಿ.

ಕಡಲತಡಿ:
@ಗಪ್ಪಿಗೂಡು, ಹೀಗೆ ಒಂದೇ ಮಾತಿನಲ್ಲಿ ಹೇಳಿದರೆ ಆ ಹಿರಿಯರಿಗೆ ಸಮಾಧಾನವಾಗುತ್ತದೆಯೇ? ಕಾರಣ ಹೇಳಿ ಮಾರಾಯರೇ.

ಗಪ್ಪಿಗೂಡು:
ಸರಿ, ಹೇಳುತ್ತೇನೆ. ನಮ್ಮ ದೇಹ ತಿಂದ ಅನ್ನದ ದೊಡ್ಡ ಪಾಲನ್ನು ಮೈ ಬೆಚ್ಚಗಿಡಲು ಖರ್ಚು ಮಾಡುತ್ತದೆ. ಮೀನಿಗೆ ಆ ಖರ್ಚೇ ಇಲ್ಲ, ನೀರಿನ ಶಾಖವೇ ಅದರ ಮೈಶಾಖ. ಈಜುವುದಕ್ಕೂ ನೀರೇ ಭಾರ ಹೊರುತ್ತದೆ. ಆದ್ದರಿಂದ ಗಾತ್ರಕ್ಕೆ ಹೋಲಿಸಿದರೆ ಗುಬ್ಬಚ್ಚಿಗೋ ಇಲಿಗೋ ಬೇಕಾದದ್ದರ ಅಲ್ಪ ಭಾಗ ಸಾಕು. ಬೆಳೆದ, ಮೈ ತುಂಬಿಕೊಂಡ, ರೋಗವಿಲ್ಲದ ಮೀನು ಒಂದು ವಾರ ಆಹಾರವಿಲ್ಲದೆ ಇರುವುದು ಏನೇನೂ ದೊಡ್ಡ ಮಾತಲ್ಲ. ಹಲವು ಜಾತಿಗಳು ಎರಡು ವಾರವನ್ನೂ ದಾಟುತ್ತವೆ. ಗಾಜಿಗೆ ಅಂಟಿದ ಪಾಚಿ, ಗಿಡದ ಮೇಲಿನ ಸೂಕ್ಷ್ಮಜೀವಿ ಮೇಯುತ್ತಾ ಇರುತ್ತವೆ.

ನನ್ನ ಬಳಿ ಗಪ್ಪಿ ತೊಟ್ಟಿಗಳು ಸಾಲಾಗಿ ಇವೆ. ಊರಿಗೆ ಹೋಗಿ ಬಂದಾಗ ನೀರು ಎಂದಿಗಿಂತ ತಿಳಿಯಾಗಿರುತ್ತದೆ. ಆದರೆ ಮರಿಗಳ ಲೆಕ್ಕ ಬೇರೆ. ಹುಟ್ಟಿದ ಮೊದಲ ವಾರಗಳಲ್ಲಿ ಅವುಗಳಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಆಹಾರ ಬೇಕು. ಮರಿಗಳಿದ್ದರೆ ನಾನು ಹೊರಡುವುದೇ ಇಲ್ಲ, ಇಲ್ಲವೇ ಬಲ್ಲವರ ಮನೆಯಲ್ಲಿ ಬಿಟ್ಟು ಹೋಗುತ್ತೇನೆ.

ಮಲ್ಲೇಶ್ವರದ ತಾತ:
ಹನ್ನೆರಡು ದಿನ ಹೆಚ್ಚಾಯಿತು. ಗೋಲ್ಡ್‌ಫಿಶ್‌ಗೆ ಹೊಟ್ಟೆಯೇ ಇಲ್ಲ, ಆದ್ದರಿಂದ ಪದೇ ಪದೇ ತಿನ್ನಬೇಕು ಎಂದು ಓದಿದ್ದೇನೆ. ಶೃಂಗೇರಿಯಲ್ಲಿ ನೋಡಿ, ಭಕ್ತರು ಮಂಡಕ್ಕಿ ಹಾಕಿದರೆ ಮೀನುಗಳು ದಿನವಿಡೀ ಬಾಯಿ ತೆರೆದುಕೊಂಡು ಬರುತ್ತವೆ. ಹಸಿವಿಲ್ಲದೆ ಬರುತ್ತವೆಯೇ?

ತುಂಗಾತೀರ:
ತಾತ, ಶೃಂಗೇರಿಯ ಮೀನು ನಮ್ಮ ನೆರೆಯವು, ಬಲ್ಲೆ. ಕೊಟ್ಟರೆ ತಿನ್ನುವುದು ಮೀನಿನ ಸ್ವಭಾವ, ಏಕೆಂದರೆ ನದಿಯಲ್ಲಿ ನಾಳೆ ಸಿಗುತ್ತದೆ ಎಂಬ ಭರವಸೆ ಇಲ್ಲ. ಆ ಮೀನುಗಳು ಹೇಸಿಗೆ ಮಾಡಿದರೆ ತುಂಗೆ ಹೊತ್ತುಕೊಂಡು ಹೋಗುತ್ತಾಳೆ. ಎರಡು ಅಡಿಯ ಗಾಜಿನ ಪೆಟ್ಟಿಗೆಗೆ ಆ ಭಾಗ್ಯವಿಲ್ಲ. ಮುಂಗಾರಿನಲ್ಲಿ ಮಣ್ಣುನೀರು ಕಟ್ಟೆ ಮುಳುಗಿಸಿ ಹರಿಯುವ ದಿನಗಳಲ್ಲಿ ಮಂಡಕ್ಕಿ ಹಾಕುವವರು ಯಾರೂ ಇರುವುದಿಲ್ಲ, ಆದರೂ ಮೀನುಗಳು ಇರುತ್ತವೆ.

ಕಡಲತಡಿ:
ಶಿಶಿಲದ ಕಪಿಲಾ ನದಿಯ ಮೀನುಗಳೂ ಹಾಗೆಯೇ. ಕಾಲು ಇಳಿಬಿಟ್ಟರೆ ಸುತ್ತ ಮುತ್ತಿಕೊಳ್ಳುತ್ತವೆ. ನೋಡದವರು ಒಮ್ಮೆ ಹೋಗಿ ಬನ್ನಿ.

ಧಾರವಾಡದ ಮೇಷ್ಟರು:
ತಾತ ಹೇಳಿದ್ದರಲ್ಲಿ ಅರ್ಧ ಸರಿ. ಗೋಲ್ಡ್‌ಫಿಶ್ ಕೆಂಡೆ ಮೀನಿನ ಬಳಗದ್ದು, ಅದಕ್ಕೆ ನಮ್ಮ ಹಾಗೆ ಜಠರವಿಲ್ಲ, ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಹಾಗೆಂದು ಒಂದು ಹೊತ್ತು ತಪ್ಪಿದರೆ ಸಾಯುತ್ತದೆ ಎಂದಲ್ಲ. ಜಠರವಿಲ್ಲದಿದ್ದರೂ ಮೈಯಲ್ಲಿ ಕೊಬ್ಬಿದೆ. ಚಳಿದೇಶದ ಕೊಳಗಳಲ್ಲಿ ಗೋಲ್ಡ್‌ಫಿಶ್ ಚಳಿಗಾಲದಲ್ಲಿ ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಅಲ್ಲಿ ನೀರು ಬಹಳ ತಣ್ಣಗಿರುವುದರಿಂದ ದೇಹದ ಖರ್ಚೂ ಕಡಿಮೆ, ನಿಮ್ಮ ಮೈಸೂರಿನ 24–25 ಡಿಗ್ರಿಯಲ್ಲಿ ಅಷ್ಟು ಕಡಿಮೆಯಿಲ್ಲ. ಆದ್ದರಿಂದ ‘ತಿಂಗಳುಗಟ್ಟಲೆ ಬಿಡಿ’ ಎಂದು ನಾನು ಹೇಳಲಾರೆ. ಹನ್ನೆರಡು ದಿನಕ್ಕೆ ಮಾತ್ರ ಹೆದರುವುದಿಲ್ಲ.

ನಾನು ರಸಾಯನಶಾಸ್ತ್ರ ಕಲಿಸುವವನು. ಹಸಿವಿಗಿಂತ ಹೆಚ್ಚು ಹೆದರಬೇಕಾದದ್ದು ಆ ಏಳನೇ ತರಗತಿಯ ಹುಡುಗನ ಪ್ರೀತಿಗೆ. ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ಸುಮಾರು 60 ಲೀಟರ್ ನೀರು ಇದ್ದೀತು. ಮೀನಿನ ಆಹಾರದಲ್ಲಿ ಶೇಕಡ 40ರಷ್ಟು ಪ್ರೊಟೀನ್, ಪ್ರೊಟೀನಿನಲ್ಲಿ ಶೇಕಡ 16ರಷ್ಟು ಸಾರಜನಕ. ಹುಡುಗ ಅಕ್ಕರೆಯಿಂದ 10 ಗ್ರಾಂ ಸುರಿದು, ಅದು ತಿನ್ನದೆ ಕೊಳೆತರೆ 0.64 ಗ್ರಾಂ ಸಾರಜನಕ ಅಮೋನಿಯಾ ಆಗಲು ಸಿದ್ಧ. 60 ಲೀಟರಿಗೆ ಹಂಚಿದರೆ ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7 ಇದ್ದರೆ ಅದರಲ್ಲಿ ಶೇಕಡ ಒಂದಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಶೇಕಡ 5ರಷ್ಟು. ಬೋರ್‌ವೆಲ್ ನೀರಿನ ಮನೆಗಳಲ್ಲಿ 8 ಸಾಮಾನ್ಯ. ಆಗ ವಿಷ ಅಮೋನಿಯಾ ಲೀಟರಿಗೆ ಅರ್ಧ ಮಿಲಿಗ್ರಾಂ ಆಯಿತು. ಅದರ ಹತ್ತರಲ್ಲಿ ಒಂದು ಪಾಲಿಗೇ ಕಿವಿರುಗಳು ಕೆಡಲು ತೊಡಗುತ್ತವೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುತ್ತವೆ ನಿಜ, ಆದರೆ ಅವುಗಳ ಸಂಖ್ಯೆ ದಿನನಿತ್ಯದ ಹೊರೆಗೆ ತಕ್ಕಷ್ಟೇ ಇರುತ್ತದೆ. ಒಂದೇ ದಿನ ಹತ್ತು ಪಟ್ಟು ಸುರಿದರೆ ಅವು ನಿಭಾಯಿಸಲಾರವು.

ಹೊಸತೊಟ್ಟಿ:
ಮೇಷ್ಟರೇ, ಮೀನು ತಿನ್ನದಿದ್ದರೆ ಆ ಬ್ಯಾಕ್ಟೀರಿಯಾಗಳೇ ಉಪವಾಸ ಬಿದ್ದು ಸಾಯುವುದಿಲ್ಲವೇ?

ಧಾರವಾಡದ ಮೇಷ್ಟರು:
ಒಳ್ಳೆಯ ಪ್ರಶ್ನೆ. ಇಲ್ಲ. ಮೀನು ತಿನ್ನದಿದ್ದರೂ ದೇಹದ ಪ್ರೊಟೀನ್ ಸ್ವಲ್ಪ ಸ್ವಲ್ಪ ಕರಗುತ್ತಿರುತ್ತದೆ, ಕಿವಿರಿನಿಂದ ಅಮೋನಿಯಾ ಹೊರಬರುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾಗಳು ಬದುಕಿರಲು ಅಷ್ಟು ಸಾಕು, ಆದರೆ ಅವುಗಳ ಬಲ ಸ್ವಲ್ಪ ಇಳಿದಿರುತ್ತದೆ. ಹಿಂದಿರುಗಿದ ಮೇಲೆ ಆಹಾರವನ್ನು ಒಮ್ಮೆಲೇ ಹೆಚ್ಚಿಸಬೇಡಿ ಎನ್ನುವುದು ಇದೇ ಕಾರಣಕ್ಕೆ.

ಹೊಸತೊಟ್ಟಿ:
ಧನ್ಯವಾದ. ನನ್ನದು ಇಟ್ಟು ಮೂರು ವಾರವಾದ ತೊಟ್ಟಿ. ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗಬೇಕು.

ಗಪ್ಪಿಗೂಡು:
ನಾಲ್ಕು ದಿನಕ್ಕೆ ಖಂಡಿತ ಏನೂ ಹಾಕಬೇಡಿ. ನಿಮ್ಮ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಇನ್ನೂ ನೆಲೆ ನಿಂತಿಲ್ಲ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹೊರಡುವ ಹಿಂದಿನ ದಿನ ಕಾಲುಭಾಗ ನೀರು ಬದಲಿಸಿ, ನಲ್ಲಿ ನೀರಾದರೆ ಕ್ಲೋರಿನ್ ಕಳೆಯುವ ಆಂಟಿಕ್ಲೋರಿನ್ ಹನಿ ಹಾಕಿ. ಹೋಗುವ ಮುನ್ನ ಹೊಸ ಮೀನು ತಂದು ಬಿಡಬೇಡಿ.

ಒಂಟಿಕೊಪ್ಪಲಿನವಳು:
ಮೇಷ್ಟರ ಲೆಕ್ಕ ಓದಿ ಎದೆ ಧಸಕ್ಕೆಂದಿತು. ಹುಡುಗನಿಗೆ ಡಬ್ಬಿ ಕೊಡುವ ಮಾತೇ ಇಲ್ಲ. ಹಾಗಾದರೆ ಆ ಬಿಳಿ ಗಟ್ಟಿ?

ಗಪ್ಪಿಗೂಡು:
ಅಂಗಡಿಗೆ ಹಿಂದಿರುಗಿಸಿ. ಬಿಳಿ ಗಟ್ಟಿಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಸಲ್ಫೇಟ್, ಗೋಡೆಗೆ ಹಚ್ಚುವ ಪ್ಲಾಸ್ಟರಿನ ವಸ್ತು. ಅದರ ನಡುವೆ ಒಂದಷ್ಟು ಆಹಾರದ ಕಾಳು ಸಿಕ್ಕಿಸಿರುತ್ತಾರೆ. ಕರಗಿದಷ್ಟೂ ನೀರಿನ ಗಡಸು ಏರುತ್ತದೆ. ಮೀನುಗಳು ಅದನ್ನು ಆಹಾರವೆಂದು ಗುರುತಿಸದೆ ಬಿಟ್ಟರೆ ಬಿಚ್ಚಿಕೊಂಡ ಕಾಳು ತಳದಲ್ಲಿ ಕೊಳೆಯುತ್ತದೆ.

ಮಲ್ಲೇಶ್ವರದ ತಾತ:
ಇದನ್ನು ಒಪ್ಪುತ್ತೇನೆ. ನಮ್ಮ ಕಟ್ಟಡದಲ್ಲಿ ಒಬ್ಬರು ಎರಡು ಗಟ್ಟಿ ಹಾಕಿ ಹೋಗಿದ್ದರು, ಬಂದಾಗ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು.

ಕಡಲತಡಿ:
ಯಂತ್ರದ ಬಗ್ಗೆ ನಾನು ಹೇಳುತ್ತೇನೆ. ಮಂಗಳೂರಿನ ಕಡೆ ಗಾಳಿಯಲ್ಲೇ ನೀರಿರುತ್ತದೆ. ತೊಟ್ಟಿಯ ಬಾಯಿಯ ಮೇಲೆ ಯಂತ್ರವಿಟ್ಟರೆ ಕೆಳಗಿನ ಆವಿ ತಾಗಿ ಆಹಾರ ಉಂಡೆ ಕಟ್ಟುತ್ತದೆ. ಆಮೇಲೆ ಎರಡೇ ಸಾಧ್ಯತೆ: ಒಂದೂ ಬೀಳದಿರುವುದು, ಇಲ್ಲವೇ ಉಂಡೆಯೇ ಬೀಳುವುದು. ನಮ್ಮ ಭಾವನ ಮನೆಯಲ್ಲಿ ಎರಡನೆಯದು ಆಯಿತು. ಯಂತ್ರ ನಂಬಬೇಡಿ.

ಬೆಂಗಳೂರು ಗಿಡತೊಟ್ಟಿ:
@ಕಡಲತಡಿ, ಇದನ್ನು ಒಪ್ಪಲಾರೆ. ಯಂತ್ರದ ತಪ್ಪಲ್ಲ, ಇಟ್ಟ ಜಾಗದ ತಪ್ಪು. ಗಾಳಿಗುಳ್ಳೆ ಏಳುವ ಮೂಲೆಯಿಂದ ದೂರ ಇಡಿ, ಮುಚ್ಚಳದ ಹೊರಗೆ ಕೂರಿಸಿ ಬೀಳುವ ರಂಧ್ರ ಮಾತ್ರ ಒಳಗೆ ಬರಲಿ. ಪದರದ ಆಹಾರ ಬೇಡ, ಗುಂಡು ಕಾಳಿನ ಆಹಾರವೇ ಸರಿ, ಅದು ಅಷ್ಟು ಬೇಗ ಅಂಟುವುದಿಲ್ಲ. ಹೊಸ ಬ್ಯಾಟರಿ ಹಾಕಿ. ಮುಖ್ಯವಾಗಿ, ಹೊರಡುವ ಒಂದು ವಾರ ಮೊದಲೇ ಓಡಿಸಿ, ಒಂದು ತಟ್ಟೆಗೆ ಬೀಳಿಸಿ ಎಷ್ಟು ಬೀಳುತ್ತದೆ ನೋಡಿ. ಡಬ್ಬಿ ತುಂಬ ತುಂಬಿಸುವುದೇಕೆ? ಪೂರ್ತಿ ಸುರಿದರೂ ನೀರು ಕೆಡದಷ್ಟು ಮಾತ್ರ ತುಂಬಿದರೆ ಭಯವೇ ಇಲ್ಲ.

ಕಡಲತಡಿ:
ಪೂರ್ತಿ ಸುರಿದರೂ ಕೆಡದಷ್ಟು ಎಂದರೆ ಎರಡು ಮೂರು ದಿನದ ಆಹಾರ. ಅಷ್ಟಕ್ಕೆ ಸಾವಿರಾರು ರೂಪಾಯಿ ಯಂತ್ರ ಏಕೆ?

ಬೆಂಗಳೂರು ಗಿಡತೊಟ್ಟಿ:
ಪದೇ ಪದೇ ಊರೂರು ತಿರುಗುವ ಕೆಲಸದವರಿಗೆ ಬೇಕು. ವರ್ಷಕ್ಕೊಮ್ಮೆ ಹೋಗುವವರಿಗೆ ಬೇಡ ಎಂದರೆ ಸರಿ, ಅಷ್ಟನ್ನು ಒಪ್ಪುತ್ತೇನೆ.

ತುಂಗಾತೀರ:
ಎಲ್ಲರೂ ಊಟದ ಬಗ್ಗೆಯೇ ಮಾತಾಡುತ್ತಿದ್ದೀರಿ, ಉಸಿರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಲೆನಾಡಿನಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಹನ್ನೆರಡು ದಿನ ಊಟವಿಲ್ಲದೆ ಇರುವ ಮೀನಿಗೂ ಪಂಪ್ ನಿಂತು ಆಮ್ಲಜನಕ ಇಳಿದರೆ ಬೇಗ ಅಪಾಯ. ಕರೆಂಟ್ ಹೋದೊಡನೆ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಸಿಗುತ್ತದೆ. ಸಾದಾ ಏರ್ ಪಂಪ್ ಎಳೆಯುವುದು ಮೂರು ನಾಲ್ಕು ವಾಟ್ ಅಷ್ಟೆ, ಇನ್ವರ್ಟರಿನ ಮೇಲೆ ಹಾಕಿದರೂ ಬಹಳ ಹೊತ್ತು ನಡೆಯುತ್ತದೆ.

ಇನ್ನೊಂದು ಮಾತು. ಯಾತ್ರೆಗೆ ಹೊರಡುವಾಗ ಗ್ಯಾಸ್ ಬಂದ್ ಮಾಡಿ, ಮೈನ್ ಸ್ವಿಚ್ ಇಳಿಸಿ, ಬೀಗ ಹಾಕುವುದು ನಮ್ಮ ಮನೆಗಳ ರೂಢಿ. ಮೈನ್ ಇಳಿಸಿದರೆ ಮೀನಿನ ಕಥೆ ಮುಗಿದಂತೆಯೇ!

ಒಂಟಿಕೊಪ್ಪಲಿನವಳು:
ಅಯ್ಯೋ, ನಮ್ಮವರು ಪ್ರತಿ ಸಲ ಮೈನ್ ಇಳಿಸುತ್ತಾರೆ. ಇದು ನಮಗೆ ಹೊಳೆದೇ ಇರಲಿಲ್ಲ!

ತುಂಗಾತೀರ:
ಅಕ್ಕ, ಎಲೆಕ್ಟ್ರಿಷಿಯನ್‌ಗೆ ಹೇಳಿ ತೊಟ್ಟಿಯ ಪ್ಲಗ್ ಮೈನ್ ಬೋರ್ಡಿನ ಯಾವ ಎಂಸಿಬಿ (ಸಣ್ಣ ಸ್ವಿಚ್) ಮೇಲಿದೆ ಎಂದು ನೋಡಿಸಿ, ಅದೊಂದನ್ನು ಬಿಟ್ಟು ಉಳಿದವನ್ನು ಇಳಿಸಲಿ. ಆ ಎಂಸಿಬಿಗೆ ಒಂದು ಬಣ್ಣದ ಪಟ್ಟಿ ಅಂಟಿಸಿ. ಪಂಪಿನ ತಂತಿ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಮೇಲೇರಲಿ. ಆಗ ತಂತಿಯ ಗುಂಟ ಇಳಿದ ನೀರು ಪ್ಲಗ್ ಸೇರದೆ ಕೆಳಗೆ ತೊಟ್ಟಿಕ್ಕುತ್ತದೆ.

ಬಿಸಿಲನಾಡು:
ಕಲಬುರಗಿಯವನು ನಾನು. ಬೇಸಿಗೆ ರಜೆಗೆ ಹೋಗುವವರಿಗಾಗಿ ಹೇಳುತ್ತೇನೆ. ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ನೀರು ಕಾಯುತ್ತದೆ. 20 ಡಿಗ್ರಿ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಅದೇ ಹೊತ್ತಿಗೆ ಮೀನಿನ ಬೇಡಿಕೆ ಏರಿರುತ್ತದೆ. ನೀರು ಆವಿಯಾಗಿ ಇಳಿಯುವುದೂ ಹೆಚ್ಚು. ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರ್ ಇದ್ದರೆ ಮಟ್ಟ ಇಳಿದಾಗ ನೀರೆಳೆಯಲಾರದೆ ಮೋಟಾರ್ ಸುಡುತ್ತದೆ. ಕಂಠದವರೆಗೆ ನೀರು ತುಂಬಿಸಿ, ಮುಚ್ಚಳ ಹಾಕಿ, ಗಾಳಿಯಾಡಲು ಸಂದು ಬಿಡಿ. ಅರೋವಾನಾ ಸಾಕಿದವರು ಮುಚ್ಚಳದ ಮೇಲೆ ಭಾರ ಇಡಲೇಬೇಕು, ಅದು ಜಿಗಿಯುತ್ತದೆ.

ಬೆಂಗಳೂರು ಗಿಡತೊಟ್ಟಿ:
ದೀಪಕ್ಕೆ ಟೈಮರ್ ಹಾಕಿ, ಆರು ಗಂಟೆ ಸಾಕು. ಗಿಡವಿಲ್ಲದ ತೊಟ್ಟಿಯಾದರೆ ದೀಪವೇ ಬೇಡ, ಕೋಣೆಯ ಬೆಳಕು ಸಾಲುತ್ತದೆ.

ಗಪ್ಪಿಗೂಡು:
ಮನೆ ಖಾಲಿ ಇರುತ್ತದೆ ಎಂದು ಜಿರಲೆ ಔಷಧಿ ಹೊಡೆಸಿ ಹೋಗುವವರಿದ್ದಾರೆ. ದಯವಿಟ್ಟು ಬೇಡ. ಅವುಗಳಲ್ಲಿ ಬಳಸುವ ಪೈರೆಥ್ರಾಯ್ಡ್‌ಗಳು ಮೀನಿಗೆ ಘೋರ ವಿಷ, ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ.

ಬನಶಂಕರಿ ಸುಬ್ಬು:
ನಮ್ಮ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ಮೂರು ತಿಂಗಳಿಗೂ ಹೆಚ್ಚು. ಇಷ್ಟೆಲ್ಲಾ ತಲೆಬಿಸಿ ಬೇಡವೆಂದು ಸಕ್ಕರ್ ಮತ್ತು ಗಪ್ಪಿಗಳನ್ನು ಹತ್ತಿರದ ಕೆರೆಗೆ ಬಿಡೋಣ ಎಂದಿದ್ದೇವೆ. ಅವೂ ಸ್ವತಂತ್ರವಾಗಿ ಬದುಕಲಿ.

ಕೆರೆಕಾವಲು:
ದಯವಿಟ್ಟು ಬೇಡ ಸರ್. ಸಕ್ಕರ್ ನಮ್ಮ ನಾಡಿನ ಮೀನಲ್ಲ, ದಕ್ಷಿಣ ಅಮೆರಿಕದ್ದು. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಕೆರೆಯಲ್ಲಿ ಮೊಳದುದ್ದ ಬೆಳೆಯುತ್ತದೆ. ಮೈಮೇಲೆ ಗಡುಸಾದ ಎಲುಬಿನ ಕವಚ ಇರುವುದರಿಂದ ಅದನ್ನು ತಿನ್ನುವ ಜೀವಿ ಇಲ್ಲಿ ಕಡಿಮೆ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ, ಅದರಿಂದ ಕೆರೆಯ ಏರಿ ಸಡಿಲವಾಗುತ್ತದೆ. ಮೀನುಗಾರರ ಬಲೆಗೆ ಸಿಕ್ಕರೆ ಬಲೆಯನ್ನೇ ಹರಿಯುತ್ತದೆ, ಕೊಳ್ಳುವವರು ಮಾತ್ರ ಇಲ್ಲ. ಕೆರೆಗಳಲ್ಲಿ ಅದನ್ನು ಎತ್ತಿ ಹಾಕುವವರ ಗೋಳು ನಾನು ಕಣ್ಣಾರೆ ಕಂಡಿದ್ದೇನೆ.

ಬನಶಂಕರಿ ಸುಬ್ಬು:
ಗಪ್ಪಿಯನ್ನು ಆರೋಗ್ಯ ಇಲಾಖೆಯವರೇ ಸೊಳ್ಳೆ ನಿಯಂತ್ರಣಕ್ಕೆ ಬಿಡುತ್ತಾರಲ್ಲ?

ಕೆರೆಕಾವಲು:
ಬಿಡುತ್ತಾರೆ, ಗಂಬೂಸಿಯಾ ಎಂಬ ಇನ್ನೊಂದು ಹೊರನಾಡಿನ ಸಣ್ಣ ಮೀನನ್ನೂ ಬಿಡುತ್ತಾರೆ. ಅದರ ಬಗ್ಗೆಯೇ ತಜ್ಞರಲ್ಲಿ ತಕರಾರಿದೆ, ಏಕೆಂದರೆ ಸೊಳ್ಳೆಯ ಲಾರ್ವಾ (ಮರಿಹುಳು) ತಿನ್ನುವ ನಮ್ಮದೇ ಸಣ್ಣ ಮೀನುಗಳು ಇವೆ. ಅದೇನೇ ಇರಲಿ, ಅಂಗಡಿಯ ಮೀನಿನ ಜೊತೆ ರೋಗ, ಪರೋಪಜೀವಿ ಎಲ್ಲವೂ ಕೆರೆಗೆ ಇಳಿಯುತ್ತವೆ. ಮೂರು ತಿಂಗಳಿಗೆ ಮೀನು ಸಾಕುವ ಗೆಳೆಯರಿಗೆ ಕೊಡಿ. ಶಿವಾಜಿನಗರದ ಕಡೆ ಮೀನಿನ ಅಂಗಡಿಗಳಲ್ಲಿ ಕೇಳಿ, ಕೆಲವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಗಪ್ಪಿಗೂಡು:
ಸುಬ್ಬು ಅವರೇ, ಗಪ್ಪಿಗಳನ್ನು ನನಗೆ ಕೊಡಿ. ಬನಶಂಕರಿ ನನಗೆ ದೂರವಲ್ಲ, ಖಾಸಗಿ ಸಂದೇಶ ಕಳುಹಿಸುತ್ತೇನೆ.

ಬನಶಂಕರಿ ಸುಬ್ಬು:
ಬಹಳ ಉಪಕಾರವಾಯಿತು. ಕೆರೆಗೆ ಬಿಡುವುದಿಲ್ಲ.

ಟೊರಾಂಟೊ ಕನ್ನಡಿಗ:
ನಮ್ಮಲ್ಲಿ ಡಿಸೆಂಬರ್ ರಜೆಗೆ ಊರಿಗೆ ಬರುವವರು ಮನೆಯ ಹೀಟಿಂಗ್ ತಗ್ಗಿಸಿ ಬರುತ್ತಾರೆ. ತೊಟ್ಟಿಯ ಹೀಟರ್ ಒಂದೇ ಅಷ್ಟು ಚಳಿಯನ್ನು ತಡೆಯಲಾರದು. ಉಷ್ಣವಲಯದ ಮೀನಿದ್ದರೆ ಮನೆಯ ಶಾಖ ಬಹಳ ಇಳಿಸಬೇಡಿ.

ಫೈಟರ್ ಪ್ರಿಯೆ:
ಹಾಸ್ಟೆಲ್‌ನಲ್ಲಿ ಸಣ್ಣ ಬಟ್ಟಲಿನಲ್ಲಿ ಒಂದು ಫೈಟರ್ ಮೀನು (ಬೆಟ್ಟಾ) ಇದೆ. ಫಿಲ್ಟರ್ ಇಲ್ಲ. ರಜೆ ಹತ್ತು ದಿನ. ಅದನ್ನೂ ಹಾಗೆಯೇ ಬಿಡಬಹುದೇ?

ಧಾರವಾಡದ ಮೇಷ್ಟರು:
ಬೇಡಮ್ಮ. ಫೈಟರ್ ನೀರಿನ ಮೇಲಿನ ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದು, ಹಸಿವನ್ನೂ ತಾಳೀತು, ಆದರೆ ಫಿಲ್ಟರ್ ಇಲ್ಲದ ಬಟ್ಟಲಿನ ನೀರು ಹತ್ತು ದಿನ ತಾಳುವುದಿಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ ಮುಕ್ಕಾಲು ನೀರು ಬಿಟ್ಟು, ಮೇಲೆ ಗಾಳಿಗೆ ಜಾಗವಿಟ್ಟು, ಬಸ್ಸಿನಲ್ಲಿ ಊರಿಗೇ ತೆಗೆದುಕೊಂಡು ಹೋಗು. ಹೊರಡುವ ಹಿಂದಿನ ದಿನ ಆಹಾರ ಹಾಕಬೇಡ, ದಾರಿಯಲ್ಲಿ ನೀರು ಹೊಲಸಾಗುವುದಿಲ್ಲ. ತಿರುಗಿ ಬಂದ ಮೇಲೆ ಕನಿಷ್ಠ 15–20 ಲೀಟರಿನ ತೊಟ್ಟಿಯೊಂದನ್ನು ಹೊಂದಿಸಿಕೋ.

ಒಂಟಿಕೊಪ್ಪಲಿನವಳು:
ಎಲ್ಲರಿಗೂ ಧನ್ಯವಾದ. ಅತ್ತೆಗೆ ಮೇಷ್ಟರ ಲೆಕ್ಕವನ್ನು ಓದಿ ಹೇಳಿದೆ. ‘ಹೆಚ್ಚು ಉಣಿಸಿ ವಿಷ ಮಾಡಬಾರದು ಸರಿ, ಆದರೂ ಹನ್ನೆರಡು ದಿನ ಒಂದು ಕಾಳೂ ಇಲ್ಲದಿರುವುದು ನನಗೆ ಒಗ್ಗುವುದಿಲ್ಲ’ ಎನ್ನುತ್ತಾರೆ. ನಡುವಿನ ದಾರಿ ಇದೆಯೇ?

ಮಲ್ಲೇಶ್ವರದ ತಾತ:
ಇದೆ. ಹಿರಿಯರ ಮಾತು ತೆಗೆದುಹಾಕಬೇಡಿ. ಒಂದೊಂದು ಹೊತ್ತಿನ ಆಹಾರವನ್ನು ಬೇರೆ ಬೇರೆ ಕಾಗದದ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆಯಿರಿ. ಮಾತ್ರೆಯ ವಾರದ ಡಬ್ಬಿ ಇದ್ದರೆ ಇನ್ನೂ ಅನುಕೂಲ. ನಾಲ್ಕನೆಯ, ಏಳನೆಯ, ಹತ್ತನೆಯ ದಿನ, ಒಟ್ಟು ಮೂರು ಪೊಟ್ಟಣ ಸಾಕು. ಪೊಟ್ಟಣದಲ್ಲಿ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಇರಲಿ. ದೊಡ್ಡ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

ಧಾರವಾಡದ ಮೇಷ್ಟರು:
ತಾತನ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಗೋಲ್ಡ್‌ಫಿಶ್ ಇರುವುದರಿಂದ ಇದೇ ಒಳ್ಳೆಯದು. ಹುಡುಗನಿಗೆ ಆಹಾರಕ್ಕಿಂತ ದೊಡ್ಡ ಕೆಲಸ ಕೊಡಿ: ಗುಳ್ಳೆ ಬರುತ್ತಿದೆಯೇ, ನೀರಿನ ಮಟ್ಟ ಎಷ್ಟಿದೆ, ಮೀನುಗಳನ್ನು ಎಣಿಸಿದರೆ ಎಲ್ಲವೂ ಇವೆಯೇ ಎಂದು ನೋಡಿ ಫೋಟೋ ಕಳುಹಿಸಲಿ. ಸತ್ತ ಮೀನು ಕಂಡರೆ ಬಲೆಯಿಂದ ತೆಗೆಯಲು ಕಲಿಸಿ ಹೋಗಿ.

ತುಂಗಾತೀರ:
ಗುಳ್ಳೆ ನಿಂತಿದ್ದರೆ ಯಾವ ಸ್ವಿಚ್ ನೋಡಬೇಕು ಎಂಬುದನ್ನು ಅವನ ಅಪ್ಪನಿಗೆ ತೋರಿಸಿ, ಹುಡುಗನಿಗೆ ಬೇಡ. ಒದ್ದೆ ಕೈಯಲ್ಲಿ ಮಕ್ಕಳು ಪ್ಲಗ್ ಮುಟ್ಟಬಾರದು.

ಒಂಟಿಕೊಪ್ಪಲಿನವಳು:
ಅತ್ತೆ ಒಪ್ಪಿದರು! ಪೊಟ್ಟಣ ತಾವೇ ಕಟ್ಟುತ್ತಾರಂತೆ. ನಮ್ಮವರು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಿದ್ದಾರೆ. ಹೊರಡುವ ದಿನವೇ ಫಿಲ್ಟರ್ ತೊಳೆದು ಎಲ್ಲ ನೀರನ್ನೂ ಬದಲಿಸಿ ಹೋದರೆ ಇನ್ನೂ ಒಳ್ಳೆಯದಲ್ಲವೇ?

ಗಪ್ಪಿಗೂಡು:
ಬೇಡ, ಬೇಡ! ಫಿಲ್ಟರಿನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್ ತಾಗಿ ಬ್ಯಾಕ್ಟೀರಿಯಾ ಸಾಯುತ್ತವೆ. ಒಂದು ವಾರ ಮೊದಲೇ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನೀರು ಬದಲಿಸುವುದು ಹೊರಡುವ ಎರಡು ದಿನ ಮೊದಲು, ಮೂರನೇ ಒಂದು ಭಾಗ ಮಾತ್ರ. ಏನಾದರೂ ಎಡವಟ್ಟಾದರೆ ನೀವು ಮನೆಯಲ್ಲಿರುವಾಗಲೇ ಗೊತ್ತಾಗುತ್ತದೆ. ಬಂದ ದಿನ ಮೊದಲು ನೀರು ಬದಲಿಸಿ, ಆಮೇಲೆ ಚಿಟಿಕೆ ಆಹಾರ, ಮೂರು ದಿನದ ನಂತರ ಮೊದಲಿನ ಅಳತೆ.

ಹೊಸತೊಟ್ಟಿ:
ಒಂದು ಸಣ್ಣ ಅನುಮಾನ. ನನ್ನ ಒಂದು ಹೆಣ್ಣು ಗಪ್ಪಿಯ ಹೊಟ್ಟೆ ಬಹಳ ಉಬ್ಬಿದೆ. ದೀಪಾವಳಿಯ ನಾಲ್ಕು ದಿನದಲ್ಲೇ ಮರಿ ಹಾಕಿದರೆ?

ಗಪ್ಪಿಗೂಡು:
ಹಾಕಿದರೂ ಹಾಕೀತು, ಸುಮಾರು ನಾಲ್ಕು ವಾರಕ್ಕೊಮ್ಮೆ ಹಾಕುತ್ತವೆ. ದೊಡ್ಡವು ಮರಿಗಳನ್ನು ತಿಂದುಬಿಡುತ್ತವೆ, ಅದು ಹಸಿವಿಲ್ಲದಿದ್ದರೂ ನಡೆಯುವುದೇ. ಜಾವಾ ಪಾಚಿಯ ಒಂದು ದಟ್ಟ ಗುಡ್ಡೆ ಹಾಕಿಟ್ಟು ಹೋಗಿ. ಮರಿಗಳು ಅದರೊಳಗೆ ಅಡಗುತ್ತವೆ, ಅಲ್ಲಿನ ಸೂಕ್ಷ್ಮಜೀವಿಗಳನ್ನೇ ತಿಂದು ಒಂದೆರಡು ದಿನ ಕಳೆಯುತ್ತವೆ. ಬಂದ ಮೇಲೆ ಉಳಿದವುಗಳನ್ನು ಬೇರೆ ಡಬ್ಬಿಗೆ ಹಾಕಿ, ನನಗೆ ತಿಳಿಸಿ, ಮರಿಗಳಿಗೆ ಆಹಾರವಾಗುವ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮೊಟ್ಟೆ ಕೊಡುತ್ತೇನೆ.